ದೊಡ್ಡ ನೀರಿಗೆ ಒಂದು ಉಡಿ

ಹೈದರಾಬಾದ್ ವಿಮಾನ ನಿಲ್ದಾಣ

ವಾಡಿ ಜಂಕ್ಷನ್ನಿನ ಬುಕಿಂಗ್ ಕಿಟಕಿಯ ಹಿಂದೆ ಕೂತು ನಾನು ಊರ ಮಂದಿಯನ್ನೆಲ್ಲ ಮುಂಬಯಿಗೆ, ಮದ್ರಾಸಿಗೆ, ದಿಲ್ಲಿಗೆ ಕಳಿಸಿದವನು. ನಾನು ಮಾತ್ರ ಸೊಲ್ಲಾಪುರ ದಾಟಿದ್ದು ಬಲು ಅಪರೂಪ. ಅಂಥವನು ನಿವೃತ್ತನಾದ ಮೇಲೆ ಪಾಸ್‌ಪೋರ್ಟ್ ಮಾಡಿಸಿ ಒಮಾನ್ ದೇಶಕ್ಕೆ ಹೊರಟೆನೆಂದರೆ ಓಣಿಯವರು ಸುಮ್ಮನೆ ಬಿಟ್ಟಾರೆಯೇ? ಚಹಾ ಅಂಗಡಿಯ ಮೌಲಾಸಾಬ, "ಏನ್ರಿ ಸಾಹೇಬ್ರ, ವಾಡಿ ಬಿಸಲು ಸಾಲವಲ್ದಾತೇನು? ಅರಬರ ಬಿಸಲು ನೋಡ್ಲಾಕ ಹೊಂಟೀರಿ!" ಎಂದು ಛೇಡಿಸಿದ. "ಹೌದಪಾ, ಎರಡೂ ತಾಳೆ ನೋಡಿ ಬರ್ತೀನಿ," ಎಂದೆ. ನಾನು ಹೊರಟ ಕಾರಣ ಅವನಿಗೂ ಗೊತ್ತಿತ್ತು. ನನ್ನ ಕೈಚೀಲದಲ್ಲಿ ನನ್ನ ಹೆಂಡತಿ ಕಾಶೀಬಾಯಿ ಕಟ್ಟಿಟ್ಟು ಹೋದ ಒಂದು ಉಡಿ ಇತ್ತು. ಅದನ್ನು ಸಮುದ್ರಕ್ಕೆ ಮುಟ್ಟಿಸಬೇಕಿತ್ತು.

ಕಾಶಿ ಮಳಖೇಡದವಳು, ಕಾಗಿಣಾ ಹೊಳೆಯ ದಂಡೆಯಲ್ಲಿ ಬೆಳೆದವಳು. ಅವಳ ಅಜ್ಜ, ಮುತ್ತಜ್ಜ ಎಲ್ಲರೂ ಮಂದಿಯನ್ನು ಹರಗೋಲಿನಲ್ಲಿ ದಾಟಿಸಿದವರು. ಸೇತುವೆ ಆದ ಮೇಲೆ ಅಣ್ಣತಮ್ಮಂದಿರು ಹೊಲ, ಸಿಮೆಂಟ್ ಕಾರ್ಖಾನೆ ಎಂದು ಹಂಚಿಹೋದರು, ಆದರೆ ಹೆಣ್ಣುಮಕ್ಕಳು ಹೊಳೆಯ ಕೈಬಿಡಲಿಲ್ಲ. ಹರಕೆ ಹೊತ್ತರೆ ಹೊಳೆಗೇ ಹೊರುತ್ತಾರೆ. ಅಂದುಕೊಂಡದ್ದು ಕೈಗೂಡಿದರೆ ತವರಿಗೆ ಬಂದ ಮಗಳಿಗೆ ತುಂಬಿದ ಹಾಗೆ ಗಂಗಮ್ಮನಿಗೆ ಉಡಿ ತುಂಬುತ್ತಾರೆ. ಹಸಿರು ಕುಬಸದ ಖಣ, ಬಳೆ, ಅಕ್ಕಿ, ಅರಿಷಿಣ ಬೇರು, ಉತ್ತತ್ತಿ, ಅಡಿಕೆ, ಕೊಬ್ಬರಿ ಬಟ್ಟಲು. ನಾನು ಆಡಕಿಯ ಒಣಬೇಸಾಯದ ಮನೆಯವನು, ಇದೆಲ್ಲ ನನಗೆ ಹೊಸತು. "ನಿಮ್ಮ ಆಡಕ್ಯಾಗ ನೀರಂದ್ರ ಕೊಡದಾಗಿಂದು. ನಿಮಗೇನ್ ತಿಳೀತದ್ರಿ ಹೊಳಿ ಮಾತು?" ಎಂದು ಜೀವಮಾನವಿಡೀ ಹಂಗಿಸಿದಳು.

ಮಗಳು ಸುಜಾತಾ ನರ್ಸ್ ಕೆಲಸ ಸಿಕ್ಕು ಮಸ್ಕತ್ತಿಗೆ ಹಾರಿದಾಗ ಕಾಶಿ ಹರಕೆ ಹೊತ್ತಳು. "ನನ್ನ ಮಗಳು ದಾಟಿದ್ದು ದೊಡ್ಡ ನೀರು. ಉಡಿನೂ ದೊಡ್ಡ ನೀರಿಗೇ." ಎಲ್ಲವನ್ನೂ ಖಣದಲ್ಲಿಟ್ಟು ಗಂಟು ಕಟ್ಟಿ ಟ್ರಂಕಿನಲ್ಲಿಟ್ಟಳು. ಹೋಗೋಣ, ಹೋಗೋಣ ಎನ್ನುವಷ್ಟರಲ್ಲಿ ಜಡ್ಡು ಬಿದ್ದಳು. ಕಲಬುರಗಿ ದವಾಖಾನೆಯ ಮಂಚದ ಮೇಲೆ ನನ್ನ ಕೈ ಹಿಡಿದು, "ನಂದಂತೂ ಆಗಂಗಿಲ್ರಿ. ನೀವರ ಹೋಗಿ ಕೊಟ್ಟ ಬರ್ರಿ," ಎಂದಳು. ಅವಳು ನನಗೆ ಹೇಳಿದ ಕೊನೆಯ ಕೆಲಸ ಅದು.

ವಿಮಾನ ನಿಲ್ದಾಣದಲ್ಲಿ ನನ್ನ ಚೀಲ ಯಂತ್ರದೊಳಗೆ ಹೋಗಿ ಬಂದದ್ದೇ ತಡ, ತಪಾಸಣೆಯ ಹೆಣ್ಣುಮಗಳು ಬದಿಗೆ ಕರೆದಳು. ಗಂಟು ಬಿಚ್ಚಿಸಿದಳು. ಬಳೆ ನೋಡಿದಳು, ಅರಿಷಿಣ ಮೂಸಿದಳು, ಎಲ್ಲಕ್ಕೂ ತಲೆಯಾಡಿಸಿ ಕೊಬ್ಬರಿ ಬಟ್ಟಲನ್ನು ಮಾತ್ರ ಎತ್ತಿ ಬೇರೆ ಇಟ್ಟಳು. ಒಣಕೊಬ್ಬರಿಯಲ್ಲಿ ಎಣ್ಣೆ ಇರುತ್ತದೆ, ಬೆಂಕಿ ಹಿಡಿಯುವ ವಸ್ತು, ವಿಮಾನದಲ್ಲಿ ಒಯ್ಯುವಂತಿಲ್ಲ ಎಂದು ತೆಲುಗಿನಲ್ಲಿ ತಿಳಿಸಿ ಹೇಳಿದಳು. ತೆಲಂಗಾಣದ ಗಡಿಯ ಸೇಡಂ ಸೀಮೆಯವನಾದ್ದರಿಂದ ನನಗೂ ತೆಲುಗು ಬರುತ್ತದೆ, ಜಗಳಕ್ಕೆ ಸಾಕಾಗುವಷ್ಟು. ಕೊಬ್ಬರಿ ಇಲ್ಲದ ಉಡಿ ಮದುಮಗ ಇಲ್ಲದ ಮದುವೆ ಇದ್ದಂತೆ ಎಂದು ವಾದಿಸಿದೆ. ಆಕೆ ನಕ್ಕಳು, ಗಂಟನ್ನು ತಾನೇ ಅಚ್ಚುಕಟ್ಟಾಗಿ ಮತ್ತೆ ಕಟ್ಟಿಕೊಟ್ಟಳು, ಕೊಬ್ಬರಿ ಕೊಡಲಿಲ್ಲ. ಕಾಶಿ ಕಟ್ಟಿದ ಗಂಟು ಬಿಚ್ಚಿತಲ್ಲ ಎಂದು ವಿಮಾನದಲ್ಲಿ ಕೂತ ಮೇಲೂ ಎದೆಯೊಳಗೆ ಚುರ್ರೆನ್ನುತ್ತಲೇ ಇತ್ತು.

ಮಸ್ಕತ್

ಊರು ಬೆಳ್ಳಗಿದೆ. ಮನೆ ಬಿಳಿ, ಅಂಗಿ ಬಿಳಿ, ಕಂಪೌಂಡ್ ಬಿಳಿ. ನಮ್ಮ ವಾಡಿ ಶಹಾಬಾದದ ಕಡೆ ಸಿಮೆಂಟ್ ಧೂಳು ಬಿದ್ದು ಗಿಡಗಳೂ ಬೆಳ್ಳಗಾಗುತ್ತವೆ, ಅದು ಬೇರೆ ಮಾತು. ಇಲ್ಲಿ ಹಾರ್ನ್ ಹೊಡೆಯುವವರೇ ಇಲ್ಲ. ದಾರಿ ದಾಟಲು ನಾನು ಕಾಲಿಟ್ಟರೆ ಸಾಲು ಕಾರುಗಳು ನಿಂತುಬಿಡುತ್ತವೆ. ಅಷ್ಟು ಮರ್ಯಾದೆ ಸಿಕ್ಕಿದ್ದಕ್ಕೆ ಗಾಬರಿಯಾಗಿ ನಾನೂ ನಿಂತುಬಿಟ್ಟೆ. "ನಡೀ ಅಪ್ಪಾ, ನಿನ್ನ ಸಲುವಾಗಿ ಇಡೀ ಮಸ್ಕತ್ ನಿಂತದ!" ಎಂದು ಸುಜಾತಾ ಕೈಹಿಡಿದು ಎಳೆದಳು.

ಮಲಯಾಳಿಗಳ ಅಂಗಡಿಯೊಂದರಲ್ಲಿ ಕೊಬ್ಬರಿ ಸಿಕ್ಕಿತು. ಅರ್ಧ ಕೆಲಸ ಮುಗಿದಂತೆ ಎಂದುಕೊಂಡೆ. ಊರ ಮುಂದೆಯೇ ಸಮುದ್ರ, ಇಲ್ಲೇ ಕೊಟ್ಟುಬಿಡಬಹುದಿತ್ತು. ಆದರೆ ಜಾಗವನ್ನು ಕಾಶಿಯೇ ಆರಿಸಿ ಹೋಗಿದ್ದಳು. ಸುಜಾತಾ ಒಮ್ಮೆ ಗೆಳತಿಯರ ಜೊತೆ ದಕ್ಷಿಣದ ಕಡೆ ಹೋದಾಗ, ಮಹೂತ್ ಎಂಬ ಊರಿನ ಆಚೆಯ ಕರಾವಳಿಯಿಂದ ಫೋನಿನಲ್ಲಿ ಅವ್ವನಿಗೆ ಹಕ್ಕಿ ತೋರಿಸಿದ್ದಳು. ಸರಕಾರ ಕಾಯ್ದಿಟ್ಟ ಜೌಗು ಅದು. ಮೈಲುಗಟ್ಟಲೆ ಕೆಸರು ಬಯಲು, ಮೊಣಕಾಲುದ್ದ ನೀರು, ಆ ನೀರಿನ ತುಂಬ ಗುಲಾಬಿ ಬಣ್ಣದ ರಾಜಹಂಸಗಳು. ಕಾಶಿ ಫೋನನ್ನು ಮೂಗಿಗೆ ಹಿಡಿದುಕೊಂಡು ನೋಡಿದ್ದೇ ನೋಡಿದ್ದು. "ಅಲ್ಲೇ ಕೊಡಬೇಕ್ರಿ. ಹಕ್ಕಿ ಇಳದ ನೀರು ಜೀವ ಇದ್ದ ನೀರು. ನಾ ಸಣ್ಣಾಕಿ ಇದ್ದಾಗ ಕಾಗಿಣಾದಾಗೂ ಹಿಂಗೇ ಇಳೀತಿದ್ವು."

ಮಹೂತ್ ದಾರಿ

ಸುಜಾತಾಳೇ ಕಾರು ನಡೆಸಿದಳು. ಊರಲ್ಲಿದ್ದಾಗ ಸೈಕಲ್ ಹತ್ತಿದರೆ ಗಟಾರಕ್ಕೆ ಬೀಳುತ್ತಿದ್ದ ಹುಡುಗಿ ಇಲ್ಲಿ ಒಂದೇ ಕೈಯಲ್ಲಿ ಸ್ಟೇರಿಂಗ್ ಹಿಡಿದು ಇನ್ನೊಂದು ಕೈಯಿಂದ ನನಗೆ ಖರ್ಜೂರ ಕೊಡುತ್ತಾಳೆ. ನಾನು ಸೀಟಿಗೆ ಅಂಟಿಕೊಂಡು ಶರಣಬಸವೇಶ್ವರನನ್ನು ನೆನೆಯುತ್ತ ಕೂತಿದ್ದೆ.

ಮರುಭೂಮಿ ಎಂದರೆ ಮರಳುದಿಬ್ಬ ಎಂದುಕೊಂಡಿದ್ದೆ. ಈ ದಾರಿಯಲ್ಲಿ ಬರೀ ಕಲ್ಲು ಹರಳಿನ ಸಪಾಟು ನೆಲ. ತೊಗರಿ ಕೊಯ್ದ ಮೇಲೆ ಬೇಸಿಗೆಯಲ್ಲಿ ಆಡಕಿಯ ಹೊಲಗಳು ಹೀಗೇ ಬಾಯಿಬಿಟ್ಟುಕೊಂಡು ಬಿದ್ದಿರುತ್ತವೆ, ಆದರೆ ಅಲ್ಲಿ ಮಳೆ ಬಂದೀತು ಎಂಬ ಆಸೆಯಾದರೂ ಇರುತ್ತದೆ. ಪೆಟ್ರೋಲ್ ಪಂಪಿನ ನೆರಳಲ್ಲಿ ಬುತ್ತಿ ಬಿಚ್ಚಿದೆವು. ಕಟಕ ರೊಟ್ಟಿ, ಶೇಂಗಾ ಹಿಂಡಿ, ಉಳ್ಳಾಗಡ್ಡಿ. ಪಕ್ಕದಲ್ಲಿ ಟೆಂಪೊ ನಿಲ್ಲಿಸಿದ್ದ ಮುದುಕನೊಬ್ಬ ರೊಟ್ಟಿ ಮುರಿದ ಸಪ್ಪಳ ಕೇಳಿ ಹಪ್ಪಳವೆಂದುಕೊಂಡನೋ ಏನೋ, ಕೈಚಾಚಿದ. ಕೊಟ್ಟೆವು. ಹಿಂಡಿ ಹಚ್ಚಿ ತಿಂದು ಕಣ್ಣಲ್ಲಿ ನೀರು ತಂದುಕೊಂಡು, ಇನ್ನೊಂದು ಬೇಡಿದ. ಖಾರ ತಿಂದು ಅತ್ತು ಮತ್ತೆ ಕೈಚಾಚುವವರು ನಮ್ಮಲ್ಲಿ ಮಾತ್ರ ಇರುತ್ತಾರೆಂದುಕೊಂಡಿದ್ದೆ.

ಬುತ್ತಿ ಕಟ್ಟಿಕೊಡುವವಳು ಇದ್ದಿದ್ದರೆ ಇದರ ಜೊತೆ ಒಂದು ಡಬ್ಬಿ ಪುಂಡಿಪಲ್ಲೆ ಇರುತ್ತಿತ್ತು. ಸುಜಾತಾಳೂ ಅದನ್ನೇ ನೆನೆದಳೋ ಏನೋ, ಉಳಿದ ರೊಟ್ಟಿಯನ್ನು ತಿನ್ನದೆ ಕಟ್ಟಿಟ್ಟಳು.

ಜೌಗಿನ ಬಾಗಿಲು

ಅಲ್ಲಿಯ ಕಾವಲುಗಾರನ ಹೆಸರು ಸಲೀಂ. ನನ್ನ ವಯಸ್ಸಿನವನೇ. ಬಿಳಿ ನಿಲುವಂಗಿ, ತಲೆಗೆ ಕಸೂತಿಯ ಟೊಪ್ಪಿಗೆ, ಕೈಯಲ್ಲೊಂದು ಉದ್ದ ಕೋಲು. ಒಂದು ಕಾಲಕ್ಕೆ ಮುಂಬಯಿ ಹಡಗುಗಳಲ್ಲಿ ದುಡಿದವನಾದ್ದರಿಂದ ಹಿಂದಿ ಮಾತಾಡುತ್ತಿದ್ದ, ಅವನದೇ ಹಿಂದಿ. ನನ್ನದು ವಾಡಿ ಸ್ಟೇಷನ್ನಿನ ದಖನಿ. ಇಬ್ಬರ ಮಾತೂ ಎಲ್ಲೋ ನಡುದಾರಿಯಲ್ಲಿ ಭೇಟಿಯಾಗುತ್ತಿದ್ದವು.

ಮೊದಲು ಕೂಡಿಸಿ ಕಾಫಿ ಕೊಟ್ಟ. ಹೆಬ್ಬೆರಳಷ್ಟು ಸಣ್ಣ ಬಟ್ಟಲು, ಹಾಲಿಲ್ಲ, ಸಕ್ಕರೆಯಿಲ್ಲ, ಏಲಕ್ಕಿಯ ಕಹಿ ಕಷಾಯ. ಕುಡಿದು ಮುಗಿಸಿದೆ, ಮತ್ತೆ ಸುರಿದ. ಅದನ್ನೂ ಮುಗಿಸಿದೆ, ಮತ್ತೆ ಸುರಿದ. ಬೇಡ ಎಂದರೆ ಕೊಡುವವನ ಮನಸ್ಸು ನೊಂದೀತು ಎಂದು ಮರ್ಯಾದೆಗೆ ಕುಡಿಯುತ್ತಲೇ ಹೋದೆ. ಎದೆ ಡವಡವ ಹೊಡೆದುಕೊಳ್ಳತೊಡಗಿದಾಗ ಸುಜಾತಾ ಬಗ್ಗಿ ಕಿವಿಯಲ್ಲಿ ಹೇಳಿದಳು: "ಅಪ್ಪಾ, ಸಾಕನಿಸಿದ್ರ ಬಟ್ಟಲಾ ಅಳ್ಳಾಡಸಬೇಕು. ಇಲ್ಲಂದ್ರ ಸಂಜಿತನಾ ಹಾಕ್ತಾನ ನೋಡು!" ಅಳ್ಳಾಡಿಸಿದೆ. ಸಲೀಂ ಕೂಡಲೇ ಹೂಜಿ ಇಳಿಸಿ ಬಿದ್ದು ಬಿದ್ದು ನಕ್ಕ. ಪಾಪ, ಅವನೂ ಮರ್ಯಾದೆಗೇ ಸುರಿಯುತ್ತಿದ್ದನಂತೆ.

ಆಮೇಲೆ ದಂಡೆಗೆ ಕರೆದುಕೊಂಡು ಹೋದ. ಅವನು ಹೇಳಿದ ಕಡೆಗಷ್ಟೇ ನಡೆಯಬೇಕು, ಹಕ್ಕಿಗಳ ಹತ್ತಿರ ಹೋಗಬಾರದು, ಚಪ್ಪಾಳೆ ತಟ್ಟಬಾರದು. ಕೆಸರಲ್ಲಿ ಕಾಲಿಟ್ಟಾಗ ನನಗೆ ಖುಷಿಯಾಯಿತು. ನಮ್ಮ ಎರೆಮಣ್ಣಿನಲ್ಲಿ ಮಳೆಗಾಲ ನಡೆದವನಿಗೆ ಯಾವ ಕೆಸರೂ ಹೆದರಿಸುವುದಿಲ್ಲ. ಎರೆ ಚಪ್ಪಲಿಯನ್ನೇ ಕಿತ್ತುಕೊಳ್ಳುತ್ತದೆ, ಇದು ಬೆರಳು ಸಂದಿಯಲ್ಲಿ ಕಚಗುಳಿ ಇಡುತ್ತದೆ. ಒಂದು ಕಡೆ ಕುಳ್ಳ ಗಿಡಗಳ ಹಿಂಡು, ಉಪ್ಪುನೀರಲ್ಲಿ ನಿಂತು ಬದುಕುವ ಕಾಂಡ್ಲಾ. ಅವುಗಳ ಬೇರು ನೆಲದೊಳಗೆ ಇಳಿಯುವ ಬದಲು ಬೆರಳಿನ ಹಾಗೆ ಮೇಲೆ ಎದ್ದು ಗಾಳಿ ಕುಡಿಯುತ್ತವೆ. ಹೆಜ್ಜೆ ಇಟ್ಟಲ್ಲೆಲ್ಲ ಸಣ್ಣ ಏಡಿಗಳು ಸರಸರ ಓಡಿ ಬಿಲ ಸೇರುತ್ತಿದ್ದವು. ಆ ಏಡಿಗಳನ್ನೇ ನಂಬಿ ಬದುಕುವ ಕಪ್ಪು ಬಿಳುಪಿನ ಹಕ್ಕಿಗಳಿದ್ದವು, ದಪ್ಪ ಕೊಕ್ಕು, ಉದ್ದ ಕಾಲು. ಒಂದು ಮರಿಹಕ್ಕಿ ತಾಯಿಯಷ್ಟೇ ಎತ್ತರ ಬೆಳೆದಿದ್ದರೂ ಹಿಂದೆ ಹಿಂದೆಯೇ ಅಲೆಯುತ್ತ ಬಾಯಿ ತೆರೆದು ಬೇಡುತ್ತಿತ್ತು. "ನೋಡು, ನಿನ್ನ ಹಾಂಗೇ ಅದ," ಎಂದು ಸುಜಾತಾಳಿಗೆ ತೋರಿಸಿದೆ.

ಆಚೆ, ದೂರದ ತೆಳ್ಳನೆಯ ನೀರಿನಲ್ಲಿ, ರಾಜಹಂಸಗಳು. ಫೋನಿನಲ್ಲಿ ಕಂಡದ್ದು ಏನೂ ಅಲ್ಲ. ಕಣ್ಣು ಹರಿಯುವವರೆಗೂ ಅವೇ. ತಲೆ ಕೆಳಗೆ ಹಾಕಿ, ಕೊಕ್ಕು ತಿರುವಿ, ನೀರು ಸೋಸುತ್ತ, ತಮ್ಮ ತಮ್ಮಲ್ಲೇ ಗೊಣಗುತ್ತ ಮೇಯುತ್ತಿದ್ದವು. ಮುಂದಕ್ಕೆ ಒಯ್ಯುವ ಲಿಂಕ್ ಗಾಡಿಗೆ ಕಾಯುತ್ತ ವಾಡಿ ಪ್ಲಾಟ್‌ಫಾರ್ಮಿನಲ್ಲಿ ಕೂತ ಮಂದಿಯ ಸದ್ದು ಹೀಗೇ ಇರುತ್ತಿತ್ತು. ಒಂದು ರೆಕ್ಕೆ ಬಿಚ್ಚಿದರೆ ಒಳಗಿನ ಕೆಂಪು ಹೊಳೆಯುತ್ತಿತ್ತು. ಕಾಶೀ, ನೋಡೇ, ನೀ ಹೇಳಿದ ಜಾಗಕ್ಕೆ ಬಂದೀನಿ ಎಂದು ಒಳಗೊಳಗೇ ಅಂದೆ. ಇಲ್ಲಿ ಅವಳು ಇರಬೇಕಾಗಿತ್ತು, ನಾನಲ್ಲ.

ಚೀಲದಿಂದ ಉಡಿಯ ಗಂಟು ತೆಗೆದೆ. ಗಂಡಸು ಉಡಿ ತುಂಬುವಂತಿಲ್ಲ, ಆದ್ದರಿಂದ ಮಗಳ ಕೈಗೆ ಕೊಟ್ಟೆ. ಸುಜಾತಾ ತಲೆಗೆ ಸೆರಗಿನಂತೆ ಓಢಣಿ ಹೊದ್ದು ಕೆಸರಿನ ನಡುವೆ ನಿಂತಿದ್ದ ನೀರಿನತ್ತ ಬಗ್ಗಿದಳು. ಅಷ್ಟರಲ್ಲಿ ಸಲೀಂ ಕೋಲು ಅಡ್ಡ ಹಿಡಿದ.

"ಬಾಬಾ, ಇಧರ್ ಪಾನೀಮೆ ಕುಛ್ ನೈ ಡಾಲ್ನಾ. ಚಿಡಿಯಾ ಖಾಯೇಗಾ, ಮರೇಗಾ."

ನೀರಿಗೆ ಏನೂ ಹಾಕಬಾರದಂತೆ, ಹಕ್ಕಿ ತಿಂದು ಸತ್ತಾವಂತೆ! ನನಗೆ ಪಿತ್ತ ನೆತ್ತಿಗೇರಿತು. "ಅರೇ ಮಿಯಾ, ಏ ಕಚರಾ ನೈ, ಮನ್ನತ್ ಹೈ!" ಎಂದು ಕೂಗಿದೆ. ಕಸ ಅಲ್ಲವೋ, ಹರಕೆ.

ಅವನು ಸಿಟ್ಟಾಗಲಿಲ್ಲ. "ಮನ್ನತ್ ಹಮ್ಕು ಮಾಲೂಮ್, ಬಾಬಾ. ಚಿಡಿಯಾಕು ನೈ ಮಾಲೂಮ್," ಎಂದ. ಹರಕೆ ಎಂದು ತನಗೆ ತಿಳಿದೀತು, ಹಕ್ಕಿಗೆ ಹೇಗೆ ತಿಳಿದೀತು?

ಸುಜಾತಾ, "ಅಪ್ಪಾ, ಅಂವ ಹೇಳೋದು ಖರೇ ಅದ. ಬಳಿ ಒಡದ್ರ ಹಕ್ಕಿ ಕಾಲಿಗಿ ಚುಚ್ಚತದ. ಅವ್ವ ಇದ್ರ ಅಕೀನೂ ಒಗೀತಿರಲಿಲ್ಲ," ಎಂದಳು. ಮುನಿಸಿನಿಂದ ಗಂಟು ಕಿತ್ತುಕೊಂಡೆ. ಹತ್ತಿರ ಒಂದು ಚಪ್ಪಟೆ ಕಲ್ಲಿತ್ತು. ಅದರ ಮೇಲೆ ಗಂಟು ಇಟ್ಟು, ಪಕ್ಕದಲ್ಲಿ ಚಪ್ಪಲಿ ಬಿಟ್ಟು, ಹಕ್ಕಿ ನೋಡಲು ಮುಂದೆ ನಡೆದೆ. ಸಲೀಂ ಹಿಂದಿನಿಂದ, ಸಾಮಾನು ಮೇಲಿಡು ಬಾಬಾ, ಪಾನಿ ಬರುವ ಹೊತ್ತಾಯಿತು ಎಂದ. ಸಮುದ್ರ ಕಾಣದಷ್ಟು ದೂರ ಇತ್ತು. ಬರುವ ಹೊತ್ತಂತೆ! ರೈಲ್ವೆಯಲ್ಲಿ ಕೂದಲು ನರೆಸಿಕೊಂಡವನು ನಾನು, ಹೇಳಿದ ಹೊತ್ತಿಗೆ ಬಂದದ್ದು ಏನನ್ನೂ ಕಂಡಿಲ್ಲ.

ನೀರು ಬಂತು

ನಮ್ಮ ಕಾಗಿಣಾ ದಂಡೆಯಲ್ಲಿ ಎಲ್ಲರೂ ಮಾಡುವುದು ಅದನ್ನೇ. ಚಪ್ಪಲಿ, ಬುತ್ತಿ, ಬಟ್ಟೆ ಎಲ್ಲ ನೀರಂಚಿನ ಕಲ್ಲಿನ ಮೇಲಿಟ್ಟು ಹೊಳೆಗೆ ಇಳಿಯುತ್ತಾರೆ. ಇಟ್ಟದ್ದು ಇಟ್ಟಲ್ಲೇ ಇರುತ್ತದೆ. ಹೊಳೆ ಒಂದೇ ದಿಕ್ಕಿಗೆ ಹರಿಯುತ್ತದೆ, ಮೇಲೇರಿದರೆ ಮಳೆಗಾಲದಲ್ಲಿ, ಅದೂ ಊರಿಗೆಲ್ಲ ಕೇಳುವ ಹಾಗೆ ಅಬ್ಬರಿಸಿಕೊಂಡು. ದಿನಕ್ಕೆರಡು ಸಲ ಹೋಗಿ ಬರುವ ನೀರು, ಅದೂ ಸಪ್ಪಳವಿಲ್ಲದೆ ಬರುವ ನೀರು ಇದೆ ಎಂದು ಭೂಗೋಳದ ಮಾಸ್ತರು ಹೇಳಿದ್ದರು. ಪರೀಕ್ಷೆ ಬರೆದು ಮರೆತಿದ್ದೆ.

ಸಲೀಂ ತನ್ನ ದುರ್ಬೀನು ಕೊಟ್ಟಿದ್ದ. ಅದರಲ್ಲಿ ರಾಜಹಂಸಗಳ ಕಣ್ಣು ಕೂಡ ಕಾಣುತ್ತಿತ್ತು. ಎಲ್ಲ ಹಕ್ಕಿಗಳೂ ಮೆಲ್ಲಗೆ ನಮ್ಮ ಕಡೆಗೇ ನಡೆದು ಬರುತ್ತಿವೆಯಲ್ಲ, ನನ್ನ ಮೇಲೆ ವಿಶ್ವಾಸ ಬಂತೇನೋ ಎಂದು ಉಬ್ಬಿಹೋದೆ. ಹಿಂದಿನ ನೀರು ತಳ್ಳುತ್ತಿತ್ತು, ಅದಕ್ಕೇ ಬರುತ್ತಿದ್ದವು. ನನ್ನ ಹಿಮ್ಮಡಿಗೆ ತಣ್ಣಗೆ ಏನೋ ಸೋಕಿತು. ಅಷ್ಟೊತ್ತಿಗೆ ಸುಜಾತಾ ಕೂಗಿದಳು.

"ಅಪ್ಪಾ! ಚಪ್ಲಿ!"

ತಿರುಗಿ ನೋಡಿದರೆ ಕಲ್ಲು ಕಾಣಲಿಲ್ಲ. ಕಾಲುವೆಯೊಂದು ನಮ್ಮ ಬೆನ್ನ ಹಿಂದಿನಿಂದ ಬಳಸಿ ಬಂದು ತುಂಬಿತ್ತು. ನನ್ನ ಚಪ್ಪಲಿ ಒಂದು ಇತ್ತ, ಒಂದು ಅತ್ತ ತೇಲುತ್ತಿದ್ದವು. ಅವುಗಳಾಚೆ, ಕಾಂಡ್ಲಾ ಗಿಡಗಳ ಸಂದಿಗೆ, ಹಸಿರು ಖಣದ ಗಂಟು ಮೆಲ್ಲಗೆ ತಿರುಗುತ್ತ ಹೊರಟಿತ್ತು.

ಸುಜಾತಾಳ ಮುಖ ಅರಳಿತು. ಕೈ ಮುಗಿದಳು. "ನೋಡಪ್ಪಾ, ನೋಡು! ನಾವು ಒಗೀಲಿಲ್ಲ. ಗಂಗಮ್ಮ ತಾನೇ ಬಂದು ತಗೊಂಡಾಳ. ಅವ್ವನ ಹರಕಿ ಮುಟ್ಟಿತು!"

ಹೌದು, ಮುಟ್ಟಿತು. ಇದಕ್ಕಿಂತ ಚಂದ ಹೇಗೆ ಮುಟ್ಟೀತು? ನಾನು ವಾಡಿಯಿಂದ ಇಲ್ಲಿಯವರೆಗೆ ಬಂದದ್ದು ಇದೊಂದಕ್ಕೇ. ಕೈ ಮುಗಿಯಬೇಕಿತ್ತು. ಬದಲಿಗೆ ನಾನು, ಈಜು ಬಾರದ ಆಡಕಿಯ ಮುದುಕ, "ಏ! ಏ! ತಡೀ!" ಎಂದು ಒದರುತ್ತ ನೀರಿಗೆ ಬಿದ್ದೆ. ಮೊಣಕಾಲವರೆಗೆ ಬಂತು, ತೊಡೆಯವರೆಗೆ ಬಂತು. ಕೆಳಗೆ ಕೆಸರು ಕಾಲು ಹಿಡಿಯಿತು, ಆಗ ತಿಳಿಯಿತು ಎರೆ ನೆಲದ ಜಂಬ ಇಲ್ಲಿ ನಡೆಯದೆಂದು. ಮುಂದಕ್ಕೆ ಬಿದ್ದೆ, ಉಪ್ಪುನೀರು ಕುಡಿದೆ, ಎದ್ದೆ. ನನ್ನ ಗದ್ದಲಕ್ಕೆ ಹತ್ತಿರದ ಹಕ್ಕಿಗಳೆಲ್ಲ ಬೆದರಿ ಮೇಲೆದ್ದವು. ಯಾವುದನ್ನು ಮಾಡಬಾರದು ಎಂದು ಸಲೀಂ ಹೇಳಿದ್ದನೋ ಅದನ್ನೆಲ್ಲ ಒಂದೇ ಗಳಿಗೆಯಲ್ಲಿ ಮಾಡಿದ್ದೆ. ಆದರೂ ಗಂಟಿನ ಮೇಲಿಂದ ಕಣ್ಣು ಕದಲಲಿಲ್ಲ. ಅದು ನನ್ನ ಕೈಗೆ ಸಿಗದಷ್ಟೇ ದೂರ ಇತ್ತು, ಇನ್ನೂ ದೂರ ಹೋಗುತ್ತಿತ್ತು. "ಒಯ್ಯಬ್ಯಾಡ, ಒಯ್ಯಬ್ಯಾಡ ಅದನ್ನ," ಎಂದು ನಾನು ಅಳುತ್ತಿದ್ದೆನಂತೆ. ಸುಜಾತಾ ಆಮೇಲೆ ಹೇಳಿದಳು.

ಸಲೀಂ ನಿಲುವಂಗಿ ಎತ್ತಿಕಟ್ಟಿ ಗಿಡಗಳ ಬದಿಯಿಂದ ಇಳಿದು ಬಂದ. ಒಂದು ಕೈಯಿಂದ ನನ್ನ ರಟ್ಟೆ ಹಿಡಿದ, ಇನ್ನೊಂದು ಕೈಯಲ್ಲಿದ್ದ ಕೋಲು ಚಾಚಿ ಗಂಟನ್ನು ಎಳೆದುಕೊಂಡ. ಬೈಯುತ್ತಾನೆ ಎಂದುಕೊಂಡೆ. ಅವನು ಗಂಟನ್ನು ನನ್ನ ಎದೆಗೆ ಒತ್ತಿ, ದಂಡೆಯವರೆಗೆ ನಡೆಸಿಕೊಂಡು ಬಂದು, ಏದುಸಿರು ಬಿಡುತ್ತ ಕೇಳಿದ:

"ಡಾಲ್ನೇಕು ಆಯಾ ಥಾ ನಾ, ಬಾಬಾ?"

ಹಾಕಲಿಕ್ಕೇ ಬಂದವನಲ್ಲವೇ ನೀನು? ಹಕ್ಕಿಗಳು ಒಂದು ಸುತ್ತು ಹಾಕಿ, ಆಚೆಯ ಬಯಲಿನಲ್ಲಿ ಮತ್ತೆ ಇಳಿದವು. ಸಲೀಂ ಅವು ನೆಲ ಮುಟ್ಟುವವರೆಗೂ ನೋಡುತ್ತ ನಿಂತು, ಆಮೇಲೆ ನನ್ನ ಚಪ್ಪಲಿ ಹುಡುಕಲು ಹೋದ.

ಕಾರಿನ ಹತ್ತಿರ ಬಂದು ಕೂತೆವು. ನಾನು ಅಡಿಯಿಂದ ಮುಡಿಯವರೆಗೆ ತೊಯ್ದಿದ್ದೆ. ಸುಜಾತಾ ಓಢಣಿಯಿಂದ ನನ್ನ ತಲೆ ಒರೆಸಿದಳು. ಅವಳಿಗೆ ಸಿಟ್ಟು, ಹೆದರಿಕೆ, ಅಳು ಎಲ್ಲ ಒಟ್ಟಿಗೇ ಬಂದಿದ್ದವು.

"ಹುಚ್ಚು ಹಿಡದದೇನು ನಿನಗ? ಮುಣುಗಿ ಹೋಗ್ತಿದ್ದಿ! ಕೊಡ್ಲಾಕಂತೇ ಬಂದಿದ್ದಿ, ಅದು ತಾನಾಗೇ ಹೊಂಟಿತ್ತು. ಬೆನ್ನ ಯಾಕ ಹತ್ತಿದಿ ಅಪ್ಪಾ?"

ಗಂಟು ನನ್ನ ತೊಡೆಯ ಮೇಲಿತ್ತು, ನೀರು ಸೋರುತ್ತಿತ್ತು. ನನಗೂ ಆಗಲೇ ತಿಳಿದದ್ದು.

"ಕೊಟ್ಟುಬಿಟ್ರ ಅಕಿ ಹೇಳಿದ ಕೆಲಸ ಮುಗದ ಹೋಗ್ತದವ್ವ," ಎಂದೆ. "ಮುಂದ ಅಕಿ ನನಗ ಇನ್ನೇನೂ ಹೇಳಂಗಿಲ್ಲ."

ಸುಜಾತಾ ಗಂಟನ್ನು ತೆಗೆದುಕೊಂಡು ಬಿಚ್ಚಿದಳು. ಬಳೆಗಳನ್ನು ಒರೆಸಿ ಬದಿಗಿಟ್ಟಳು, ಒಂದೂ ಒಡೆದಿರಲಿಲ್ಲ. ಖಣವನ್ನು ಹಿಂಡಿ, ಕೊಡವಿ, ಕಾರಿನ ಬಿಸಿ ಬಾನೆಟ್ಟಿನ ಮೇಲೆ ಹರವಿದಳು. ಗಾಳಿ ಜೋರಿತ್ತು. ಒಂದು ತುದಿ ಅವಳು ಹಿಡಿದಳು, ಇನ್ನೊಂದು ತುದಿ ನಾನು ಹಿಡಿದೆ. ಒಣಗುವ ತನಕ ಇಬ್ಬರೂ ಹಾಗೇ ನಿಂತೆವು.